ಕೀಬೋರ್ಡಿನಲ್ಲಿ ‘ಸೈಲೆಂಟ್ ನೈಟ್’: ಮೊದಲ ಕ್ರಿಸ್ಮಸ್ ಗೀತೆಯನ್ನು ಕಲಿಯುವ ಬಗೆ

ಡಿಸೆಂಬರ್ ಸಮೀಪಿಸಿದಾಗ ಹೊಸದಾಗಿ ಕೀಬೋರ್ಡ್ ಕಲಿಯುವವರು ಮೊದಲು ಕೈಹಾಕುವುದು ಬಹುಮಟ್ಟಿಗೆ ‘ಜಿಂಗಲ್ ಬೆಲ್ಸ್’ ಹಾಡಿಗೆ. ಐದು ಬೆರಳುಗಳನ್ನು ಐದು ಕೀಗಳ ಮೇಲಿಟ್ಟು, ಕೈಯನ್ನು ಅತ್ತಿತ್ತ ಕದಲಿಸದೆ ಅದರ ಪಲ್ಲವಿಯನ್ನು ನುಡಿಸಬಹುದೆಂಬುದೇ ಇದಕ್ಕೆ ಕಾರಣ. ಆದರೆ ಅದು ಓಟದ ಹಾಡು. ಕಲಿಯುವವರ ನಿಧಾನಗತಿಯಲ್ಲಿ ನುಡಿಸಿದರೆ ಅದರ ಜೀವವೇ ಹೋಗಿಬಿಡುತ್ತದೆ. ಮೇಲಾಗಿ, ಅಮೆರಿಕದ ಜೇಮ್ಸ್ ಲಾರ್ಡ್ ಪಿಯರ್‌ಪಾಂಟ್ 1857ರಲ್ಲಿ ಪ್ರಕಟಿಸಿದ ಆ ಹಾಡಿನಲ್ಲಿರುವುದು ಹಿಮದ ಮೇಲಿನ ಜಾರುಬಂಡಿ ಸವಾರಿಯ ವರ್ಣನೆ. ಕ್ರಿಸ್ತನ ಜನನದ ಮಾತು ಅದರಲ್ಲಿ ಎಲ್ಲಿಯೂ ಬರುವುದಿಲ್ಲ. ‘ಜಾಯ್ ಟು ದ ವರ್ಲ್ಡ್’ ಗೀತೆಯನ್ನು ಆರಿಸಿಕೊಳ್ಳೋಣವೆಂದರೆ, ಅದು ಆರಂಭದಲ್ಲಿಯೇ ಮೇಲಿನ ಷಡ್ಜದಿಂದ ಕೆಳಗಿನ ಷಡ್ಜದವರೆಗೆ ಎಂಟೂ ಸ್ವರಗಳನ್ನು ಒಂದಾದ ಮೇಲೊಂದರಂತೆ ಇಳಿಯುತ್ತದೆ. ಹೆಬ್ಬೆರಳಿನ ಮೇಲಿಂದ ಬೇರೆ ಬೆರಳನ್ನು ದಾಟಿಸುವ ಅಭ್ಯಾಸ ಇನ್ನೂ ಆಗಿರದವರು ಅಲ್ಲಿಯೇ ತಡವರಿಸುತ್ತಾರೆ.

ಈ ಎರಡೂ ತೊಡಕುಗಳಿಲ್ಲದ ಗೀತೆ ‘ಸೈಲೆಂಟ್ ನೈಟ್’. ಇಂದು ಅದನ್ನು ನಿಧಾನಗತಿಯಲ್ಲಿಯೇ ಹಾಡುವುದು ರೂಢಿ. ಪ್ರತಿ ಸಾಲಿನ ಕೊನೆಯಲ್ಲಿಯೂ ದೀರ್ಘವಾದ ಒಂದು ಸ್ವರವಿರುವುದರಿಂದ, ಮುಂದಿನ ಸಾಲಿಗೆ ಕೈಯನ್ನು ಸರಿಸಿಕೊಳ್ಳಲು ಬೇಕಾದಷ್ಟು ಸಮಯ ಸಿಗುತ್ತದೆ. ಕರಿ ಕೀಗಳ ಅಗತ್ಯ ಒಂದು ಸಲವೂ ಬೀಳುವುದಿಲ್ಲ. ಎಡಗೈಗೆ ಮೂರೇ ಮೂರು ಕಾರ್ಡುಗಳು, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪುಗಳು, ಸಾಕು.

ಗೀತೆಯ ಹಿನ್ನೆಲೆಯನ್ನು ಒಂದಿಷ್ಟು ತಿಳಿದಿರುವುದು ನುಡಿಸುವ ರೀತಿಗೂ ಸಹಾಯಕ. ಆಸ್ಟ್ರಿಯದ ಪಾದ್ರಿ ಯೋಸೆಫ್ ಮೋರ್ ಅವರು 1816ರಲ್ಲಿ ಜರ್ಮನ್ ಭಾಷೆಯಲ್ಲಿ ಆರು ಚರಣಗಳ ಪದ್ಯವೊಂದನ್ನು ಬರೆದರು. ಎರಡು ವರ್ಷಗಳ ಬಳಿಕ, 1818ರ ಡಿಸೆಂಬರ್ 24ರಂದು, ಸಾಲ್ಸ್‌ಬರ್ಗ್ ಬಳಿಯ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ, ಶಾಲಾ ಶಿಕ್ಷಕರೂ ಆರ್ಗನ್ ವಾದಕರೂ ಆಗಿದ್ದ ಫ್ರಾನ್ಸ್ ಕ್ಸಾವರ್ ಗ್ರೂಬರ್ ಅದಕ್ಕೆ ಧಾಟಿ ಕಟ್ಟಿದರು. ಆ ರಾತ್ರಿಯೇ ಸಂತ ನಿಕೋಲಸರ ಹೆಸರಿನ ಚರ್ಚಿನಲ್ಲಿ ಇಬ್ಬರೂ ಸೇರಿ ಗಿಟಾರಿನ ಜೊತೆಯಲ್ಲಿ ಅದನ್ನು ಹಾಡಿದರು. ಆರ್ಗನ್ನಿನ ತಿದಿಯನ್ನು ಇಲಿಗಳು ಕಡಿದುಹಾಕಿದ್ದರಿಂದ ಗಿಟಾರನ್ನು ಬಳಸಬೇಕಾಯಿತೆಂಬ ಕಥೆ ಜನಪ್ರಿಯವಾಗಿದ್ದರೂ ಅದು ದಂತಕಥೆಯೇ ಸರಿ. ನಮಗೆ ಮುಖ್ಯವಾದ ಸಂಗತಿಯೆಂದರೆ, ಈ ಗೀತೆ ರೂಪುಗೊಂಡದ್ದೇ ಎರಡು ಕಂಠ ಮತ್ತು ಒಂದು ಗಿಟಾರಿಗಾಗಿ. ಆದ್ದರಿಂದ ಬಲಗೈಯಲ್ಲಿ ಧಾಟಿ, ಎಡಗೈಯಲ್ಲಿ ಮೆಲುವಾದ ಮೂರು ಕಾರ್ಡು ಎಂಬ ಈ ಸರಳ ವಿಧಾನವನ್ನು ಕಲಿಯುವವರಿಗಾಗಿ ಮಾಡಿಕೊಂಡ ರಿಯಾಯಿತಿ ಎಂದು ತಿಳಿಯಬೇಕಾಗಿಲ್ಲ. ಗೀತೆಯ ಸ್ವಭಾವಕ್ಕೆ ಒಪ್ಪುವುದೂ ಅದೇ.

ವಾದ್ಯ ಮತ್ತು ಕೀಗಳ ಪರಿಚಯ

61 ಕೀಗಳ ಸಾಮಾನ್ಯ ಕೀಬೋರ್ಡ್ ಈ ಗೀತೆಗೆ ಧಾರಾಳವಾಗಿ ಸಾಕು. 49 ಕೀಗಳಿದ್ದರೂ ನಡೆಯುತ್ತದೆ. ಮಕ್ಕಳಿಗೆಂದು ಮಾರುವ 32 ಸಣ್ಣ ಕೀಗಳ ವಾದ್ಯದಲ್ಲಿ ಬಲಗೈಯ ಧಾಟಿಯನ್ನು ನುಡಿಸಬಹುದಾದರೂ ಎಡಗೈಗೆ ಜಾಗ ಉಳಿಯುವುದಿಲ್ಲ. ವಾದ್ಯವನ್ನು ಮಂಚದ ಮೇಲಿಟ್ಟು ನೆಲದಲ್ಲಿ ಕುಳಿತು ನುಡಿಸುವ ರೂಢಿ ಅನೇಕ ಮನೆಗಳಲ್ಲಿದೆ; ಅದರಿಂದ ಮಣಿಕಟ್ಟು ಹಿಂದಕ್ಕೆ ಬಾಗಿ ಬೇಗ ನೋಯತೊಡಗುತ್ತದೆ. ಮೊಣಕೈ ಮತ್ತು ಕೀಗಳು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವಂತೆ ಸ್ಟ್ಯಾಂಡನ್ನೋ ಮೇಜನ್ನೋ ಹೊಂದಿಸಿಕೊಳ್ಳಿರಿ.

ಕರಿ ಕೀಗಳು ಎರಡು ಮತ್ತು ಮೂರರ ಗುಂಪುಗಳಾಗಿ ಜೋಡಣೆಯಾಗಿರುತ್ತವೆ. ಎರಡು ಕರಿ ಕೀಗಳ ಗುಂಪಿನ ಎಡಕ್ಕೆ ಅಂಟಿಕೊಂಡಿರುವ ಬಿಳಿ ಕೀಯೇ ‘ಸಿ’. ಹಾರ್ಮೋನಿಯಂ ಬಲ್ಲವರು ‘ಬಿಳಿ ಒಂದು’ ಎಂದು ಕರೆಯುವುದು ಇದನ್ನೇ. 61 ಕೀಗಳ ವಾದ್ಯದಲ್ಲಿ ಎಡದಿಂದ ಮೂರನೆಯ ‘ಸಿ’ಯನ್ನು ಗುರುತಿಸಿ, ಅದನ್ನು ನಮ್ಮ ಷಡ್ಜವೆಂದು ಇಟ್ಟುಕೊಳ್ಳೋಣ. ಅಲ್ಲಿಂದ ಬಲಕ್ಕೆ ಒಂದೊಂದೇ ಬಿಳಿ ಕೀಯನ್ನು ಒತ್ತುತ್ತ ಹೋದರೆ ಸ ರಿ ಗ ಮ ಪ ದ ನಿ (ಷಡ್ಜ, ರಿಷಭ, ಗಾಂಧಾರ, ಮಧ್ಯಮ, ಪಂಚಮ, ಧೈವತ, ನಿಷಾದ) ದೊರೆಯುತ್ತವೆ. ಪಾಶ್ಚಾತ್ಯ ಪದ್ಧತಿಯಲ್ಲಿ ಇವೇ ಸಿ ಡಿ ಇ ಎಫ್ ಜಿ ಎ ಬಿ. ಎಂಟನೆಯ ಕೀ ಮೇಲಿನ ಸ್ಥಾಯಿಯ ಷಡ್ಜ. ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದವರಿಗೆ ಇದು 29ನೆಯ ಮೇಳವಾದ ಧೀರಶಂಕರಾಭರಣದ ಸ್ವರಶ್ರೇಣಿಯೆಂದೂ, ಹಿಂದೂಸ್ತಾನಿ ಕಲಿತವರಿಗೆ ಬಿಲಾವಲ್ ಥಾಟ್ ಎಂದೂ ಕೂಡಲೇ ಹೊಳೆಯುತ್ತದೆ. ಹೊಂದಿಕೆ ಇರುವುದು ಸ್ವರಸ್ಥಾನಗಳಲ್ಲಿ ಮಾತ್ರ. ರಾಗದ ನಡೆಯಾಗಲಿ ಗಮಕವಾಗಲಿ ಇಲ್ಲಿ ಬೇಡ. ಪ್ರತಿ ಸ್ವರವನ್ನೂ ನೇರವಾಗಿ, ಅಲುಗಿಸದೆ ನುಡಿಸತಕ್ಕದ್ದು.

ಇಡೀ ಗೀತೆ ನಮ್ಮ ಷಡ್ಜದಿಂದ ಮೇಲಿನ ಸ್ಥಾಯಿಯ ಮಧ್ಯಮದವರೆಗಿನ ಹನ್ನೊಂದು ಬಿಳಿ ಕೀಗಳೊಳಗೆ ಮುಗಿಯುತ್ತದೆ. ಬೆರಳುಗಳಿಗೆ ಸಂಖ್ಯೆ ಕೊಡುವ ಪದ್ಧತಿ ಎರಡೂ ಕೈಗಳಿಗೆ ಒಂದೇ: ಹೆಬ್ಬೆರಳು 1, ತೋರುಬೆರಳು 2, ನಡುಬೆರಳು 3, ಉಂಗುರ ಬೆರಳು 4, ಕಿರುಬೆರಳು 5.

ಮೊದಲು ತಾಳ, ಆಮೇಲೆ ಸ್ವರ

ಕೀಗಳನ್ನು ಮುಟ್ಟುವ ಮೊದಲೇ ಗೀತೆಯ ಲಯವನ್ನು ಕೈಯಲ್ಲಿ ಹಾಕಿಕೊಂಡುಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಇದು ಮೂರು ಎಣಿಕೆಯ ಗೀತೆ. ಗ್ರೂಬರ್ ಅವರ ಮೂಲ ರೂಪ 6/8 ಲಯದಲ್ಲಿದ್ದರೂ ಇಂದಿನ ಹಾಡುಪುಸ್ತಕಗಳಲ್ಲಿ 3/4 ರೂಪವೂ ಸಾಮಾನ್ಯವಾಗಿದ್ದು, ಕಲಿಯುವವರಿಗೆ ಎಣಿಸಲು ಅದು ಸುಲಭ. ರೂಪಕ ತಾಳಕ್ಕೆ ಹಾಕುವಂತೆ ಎರಡು ಪೆಟ್ಟು, ಒಂದು ಹುಸಿ ಹಾಕುತ್ತ ಗೀತೆಯನ್ನು ಬಾಯಿಯಲ್ಲಿ ಹಾಡಿಕೊಳ್ಳಿರಿ. ಹೀಗೆ ಮೂರು ಎಣಿಕೆಗೆ ಒಂದು ಆವರ್ತ. ಪಾಶ್ಚಾತ್ಯ ಸಂಗೀತದವರು ಇದನ್ನು ಬಾರ್ ಎನ್ನುತ್ತಾರೆ. ಒಂದು ಚರಣಕ್ಕೆ 24 ಆವರ್ತಗಳು, ನಾಲ್ಕು ನಾಲ್ಕರಂತೆ ಆರು ಸಾಲುಗಳು.

ಹೊಸಬರು ಎಲ್ಲಕ್ಕಿಂತ ಹೆಚ್ಚಾಗಿ ತಪ್ಪುವುದು ಮೊದಲ ಆವರ್ತದ ಲಯದಲ್ಲಿ. ಅಲ್ಲಿರುವುದು ಪ ದ ಪ ಎಂಬ ಮೂರೇ ಸ್ವರ, ಎಣಿಕೆಯೂ ಮೂರೇ. ಹಾಗಾಗಿ ಎಣಿಕೆಗೊಂದರಂತೆ ಸಮವಾಗಿ ಒತ್ತಿಬಿಡುವ ಮನಸ್ಸಾಗುತ್ತದೆ. ಹಾಗೆ ಒತ್ತಿದರೆ ಸ್ವರಗಳೆಲ್ಲ ಸರಿಯಾಗಿದ್ದೂ ಹಾಡು ಗುರುತು ಸಿಗದಂತಾಗುತ್ತದೆ. ಪ್ರತಿ ಎಣಿಕೆಯನ್ನೂ ಎರಡಾಗಿ ಒಡೆದು ‘ತಕ ತಕ ತಕ’ ಎಂದು ಹೇಳಿಕೊಳ್ಳಿರಿ. ಪಂಚಮ ಬೀಳುವುದು ಮೊದಲ ‘ತ’ದ ಮೇಲೆ; ಅದನ್ನು ಒತ್ತಿ ಹಿಡಿದೇ ಇರಬೇಕು. ಧೈವತ ಬರುವುದು ಎರಡನೆಯ ‘ಕ’ದ ಮೇಲೆ, ಅಂದರೆ ಎರಡನೆಯ ಎಣಿಕೆ ಅರ್ಧ ಕಳೆದ ನಂತರ. ಮತ್ತೆ ಪಂಚಮ ಮೂರನೆಯ ‘ತ’ದ ಮೇಲೆ. ಧೈವತವು ತಡವಾಗಿ ಬಂದು ಚುಟುಕಾಗಿ ಸರಿದುಹೋಗುವುದರಿಂದಲೇ ಗೀತೆಗೆ ಆ ತೂಗಾಟ ದಕ್ಕಿದೆ. ಇದೇ ಲಯ 3, 10, 11, 14, 15, 18 ಮತ್ತು 22ನೆಯ ಆವರ್ತಗಳಲ್ಲಿಯೂ ಮರಳಿ ಬರುತ್ತದೆ. ಒಂದನ್ನು ತಿದ್ದಿಕೊಂಡರೆ ಎಲ್ಲವನ್ನೂ ತಿದ್ದಿಕೊಂಡಂತೆ.

ಬಲಗೈಯ ಧಾಟಿ, ಸಾಲು ಸಾಲಾಗಿ

ಕೆಳಗಿನ ಸ್ವರಲಿಪಿಯಲ್ಲಿ ಒಂದು ಅಕ್ಷರಕ್ಕೂ ಒಂದು ಅಲ್ಪವಿರಾಮಕ್ಕೂ ಅರ್ಧ ಎಣಿಕೆಯ ಕಾಲ. ಅಲ್ಪವಿರಾಮ ಬಂದಲ್ಲಿ ಹಿಂದಿನ ಸ್ವರವನ್ನು ಬಿಡದೆ ಹಿಡಿದಿರಬೇಕು. ಮೇಲಿನ ಸ್ಥಾಯಿಯ ಸ್ವರದ ಪಕ್ಕದಲ್ಲಿ ' ಚಿಹ್ನೆ ಇದೆ. ಗೆರೆಯಿಂದ ಗೆರೆಗೆ ಒಂದು ಆವರ್ತ.

ಸಾಲು 1: ಪ , , ದ ಪ , | ಗ , , , , , | ಪ , , ದ ಪ , | ಗ , , , , , |

ಬಲಗೈಯ ಹೆಬ್ಬೆರಳನ್ನು ಗಾಂಧಾರದ ಮೇಲಿರಿಸಿ ಉಳಿದ ಬೆರಳುಗಳನ್ನು ಮುಂದಿನ ಕೀಗಳ ಮೇಲೆ ಸಾಲಾಗಿ ಇಳಿಬಿಡಿರಿ. ಪಂಚಮಕ್ಕೆ 3, ಧೈವತಕ್ಕೆ 4, ಗಾಂಧಾರಕ್ಕೆ 1. ಅಂದರೆ ಬೆರಳುಗಳ ಕ್ರಮ 3–4–3–1, ಮತ್ತೊಮ್ಮೆ 3–4–3–1. ಇಂಗ್ಲಿಷ್ ಸಾಹಿತ್ಯದೊಂದಿಗೆ ಹೊಂದಿಸಿಕೊಳ್ಳುವುದಾದರೆ ‘ಸೈ’ ಎಂಬುದಕ್ಕೆ ಪ ಮತ್ತು ದ ಎರಡೂ ಸ್ವರ, ‘ಲೆಂಟ್’ಗೆ ಪ, ‘ನೈಟ್’ಗೆ ಮೂರು ಎಣಿಕೆಯ ಗ.

ಸಾಲು 2: ರಿ' , , , ರಿ' , | ನಿ , , , , , | ಸ' , , , ಸ' , | ಪ , , , , , |

ಇಲ್ಲಿ ಹೆಬ್ಬೆರಳು ಪಂಚಮಕ್ಕೆ ಸರಿಯಬೇಕು. ಆಗ ಮೇಲಿನ ರಿಷಭಕ್ಕೆ ಕಿರುಬೆರಳು, ನಿಷಾದಕ್ಕೆ 3, ಮೇಲಿನ ಷಡ್ಜಕ್ಕೆ 4, ಪಂಚಮಕ್ಕೆ 1 ತಾವಾಗಿಯೇ ಒದಗುತ್ತವೆ. ಮೊದಲ ಸಾಲಿನ ಕೊನೆಯ ಗಾಂಧಾರದಿಂದ ಈ ರಿಷಭಕ್ಕೆ ಇರುವ ಜಿಗಿತ ದೊಡ್ಡದು. ಅಷ್ಟು ದೂರ ಕಿರುಬೆರಳನ್ನು ಚಾಚಿ ಮುಟ್ಟಲು ಹೋದರೆ ಪಕ್ಕದ ಕೀಯೂ ಒತ್ತಿಹೋಗುತ್ತದೆ. ಚಾಚುವ ಬದಲು ಇಡೀ ಕೈಯನ್ನೇ ಸರಿಸುವುದು ಕ್ರಮ. ಗಾಂಧಾರವನ್ನು ಎರಡು ಎಣಿಕೆ ಪೂರ್ತಿ ಹಿಡಿದು, ಮೂರನೆಯ ಎಣಿಕೆಯಲ್ಲಿ ಕಣ್ಣನ್ನು ರಿಷಭದತ್ತ ಹೊರಳಿಸಿ, ಎಣಿಕೆ ಮುಗಿಯುವ ಹೊತ್ತಿಗೆ ಬೆರಳನ್ನು ಎತ್ತಿ ಕೈಯನ್ನು ಅಲ್ಲಿಗೆ ಒಯ್ಯಿರಿ. ಕಣ್ಣು ಮೊದಲು ಹೋಗಬೇಕು, ಕೈ ಅದರ ಹಿಂದೆ. ಈ ಒಂದು ಸ್ಥಳವನ್ನಷ್ಟೇ, ಅಂದರೆ ಗಾಂಧಾರದಿಂದ ರಿಷಭಕ್ಕೆ ಹೋಗಿ ಮತ್ತೆ ಗಾಂಧಾರಕ್ಕೆ ಮರಳುವುದನ್ನಷ್ಟೇ, ಕೈಗೆ ದೂರದ ಅಂದಾಜು ಸಿಗುವವರೆಗೆ ಬಿಡಿಯಾಗಿ ಅಭ್ಯಾಸ ಮಾಡುವುದು ಒಳ್ಳೆಯದು.

ಸಾಲು 3: ದ , , , ದ , | ಸ' , , ನಿ ದ , | ಪ , , ದ ಪ , | ಗ , , , , , |

ಸಾಲು 4: ಮೂರನೆಯ ಸಾಲಿನಂತೆಯೇ.

ಹೆಬ್ಬೆರಳು ಮತ್ತೆ ಗಾಂಧಾರಕ್ಕೆ ಬರುತ್ತದಾದರೂ ಮೊದಲ ಸಾಲಿನ ಬೆರಳುಗಳನ್ನು ಇಲ್ಲಿ ಬಳಸಲಾಗದು, ಏಕೆಂದರೆ ಧಾಟಿ ಮೇಲಿನ ಷಡ್ಜದವರೆಗೆ ಏರುತ್ತದೆ. ಕೈಯನ್ನು ತುಸು ಅಗಲಿಸಿ ಗ–1, ಪ–2, ದ–3, ನಿ–4, ಸ'–5 ಎಂದು ಹೊಂದಿಸಿಕೊಳ್ಳಿರಿ. ಇದರಿಂದ ಎಂಟೂ ಆವರ್ತಗಳನ್ನು ಕೈ ಕದಲಿಸದೆ ನುಡಿಸಬಹುದು. ಇಡೀ ಗೀತೆಯ ಮೂರನೆಯ ಒಂದು ಭಾಗ ಈ ಒಂದೇ ಸಾಲಿನ ಪುನರಾವರ್ತನೆಯಲ್ಲಿ ಕಳೆಯುವುದರಿಂದ ಕಲಿಯುವವರಿಗೆ ಇದು ಲಾಭವೇ. ಕೆಲವರು ನಾಲ್ಕನೆಯ ಸಾಲನ್ನು ಮೂರನೆಯದಕ್ಕಿಂತ ಮೆತ್ತಗೆ ನುಡಿಸುತ್ತಾರೆ, ಕೆಲವರು ಸ್ವಲ್ಪ ಜೋರಾಗಿ; ಎರಡಕ್ಕೂ ಅಡ್ಡಿಯಿಲ್ಲ. ಆದರೆ ಮುಂದಿನ ಸಾಲು ಗೀತೆಯ ಶಿಖರವಾದ್ದರಿಂದ ಅದಕ್ಕೆ ದಾರಿ ಮಾಡುವಂತೆ ಇಲ್ಲಿ ಕೊಂಚ ಬಲ ಕೂಡಿಸುವುದು ನನಗೆ ಹೆಚ್ಚು ಹಿತವೆನಿಸುತ್ತದೆ.

ಸಾಲು 5: ರಿ' , , , ರಿ' , | ಮ' , , ರಿ' ನಿ , | ಸ' , , , , , | ಗ' , , , , , |

ಹೆಬ್ಬೆರಳು ನಿಷಾದದ ಮೇಲೆ. ಅಲ್ಲಿಂದ ನಿ–1, ಸ'–2, ರಿ'–3, ಗ'–4, ಮ'–5. ಐದು ಬೆರಳಿಗೆ ಐದು ನೆರೆಹೊರೆಯ ಕೀಗಳು. ನೋಡಲು ಎತ್ತರದಲ್ಲಿದ್ದರೂ ನುಡಿಸಲು ಇದು ಆರರಲ್ಲಿಯೇ ಅತ್ಯಂತ ಸುಲಭವಾದ ಸಾಲು.

ಸಾಲು 6: ಸ' , ಪ , ಗ , | ಪ , , ಮ ರಿ , | ಸ , , , , , | , , , , , , |

ಕಷ್ಟವಿರುವುದು ಈ ಸಾಲಿನಲ್ಲಿ. ಹಿಂದಿನ ಎಲ್ಲ ಸಾಲುಗಳಲ್ಲಿ ಕೈ ಸರಿಯುವ ಮೊದಲು ದೀರ್ಘವಾದ ಸ್ವರವೊಂದು ಇತ್ತು. ಇಲ್ಲಿ ಸಾಲಿನ ನಡುವೆಯೇ ಒಂದು ಎಣಿಕೆಯೊಳಗೆ ಕೈಯ ಜಾಗ ಬದಲಾಗಬೇಕು. ಮೇಲಿನ ಷಡ್ಜಕ್ಕೆ 5, ಪಂಚಮಕ್ಕೆ 2, ಗಾಂಧಾರಕ್ಕೆ 1. ಈಗ ಹೆಬ್ಬೆರಳು ಗಾಂಧಾರದ ಮೇಲಿದೆ, ಆದರೆ ಧಾಟಿ ಅದಕ್ಕೂ ಕೆಳಗಿನ ರಿಷಭ, ಷಡ್ಜಗಳಿಗೆ ಇಳಿಯಬೇಕಾಗಿದೆ. ಹೆಬ್ಬೆರಳು ಗಾಂಧಾರವನ್ನು ಒತ್ತಿರುವಾಗಲೇ ಅಗಲಿಸಿದ್ದ ಕೈಯನ್ನು ಒಳಕ್ಕೆ ಸೆಳೆದುಕೊಂಡು, ಕಿರುಬೆರಳನ್ನು ಪಂಚಮದ ಮೇಲಕ್ಕೆ ತನ್ನಿರಿ. ಪಂಚಮ ಕಿರುಬೆರಳಿಗೆ ಸಿಕ್ಕಿತೆಂದರೆ ಮ–4, ರಿ–2, ಸ–1 ಎಂದು ಉಳಿದದ್ದು ಸಲೀಸಾಗಿ ಕೆಳಗಿಳಿಯುತ್ತದೆ. ಇದನ್ನು ಅವಸರದಿಂದ ಮಾಡಿದರೆ ಹೆಬ್ಬೆರಳು ಗಾಂಧಾರವನ್ನು ಮುಂಚೆಯೇ ಬಿಟ್ಟು, ಹಾಡಿನ ನಡುವೆ ಒಂದು ಬಿರುಕು ಕೇಳಿಸುತ್ತದೆ. ಕೇಳುಗರಿಗೆ ತಪ್ಪು ಸ್ವರಕ್ಕಿಂತಲೂ ಈ ಬಿರುಕೇ ಹೆಚ್ಚು ಎದ್ದುಕಾಣುವುದರಿಂದ ಸ ಪ ಗ ಪ ಎಂಬ ನಾಲ್ಕು ಸ್ವರಗಳನ್ನು 5–2–1–5 ಬೆರಳುಗಳಲ್ಲಿ ಬೇರೆಯಾಗಿಯೇ ರೂಢಿಸಿಕೊಳ್ಳಬೇಕು.

ಒಂದು ಸಾಲು ತಾಳ ತಪ್ಪದೆ ಬರುವವರೆಗೆ ಮುಂದಿನದಕ್ಕೆ ಹೋಗಬಾರದೆಂದು ಕೆಲವು ಶಿಕ್ಷಕರು ಹೇಳುತ್ತಾರೆ. ಈ ಗೀತೆಯಲ್ಲಿ ಮೊದಲು ಒಂದು, ಮೂರು, ಐದನೆಯ ಸಾಲುಗಳನ್ನು ಕಲಿತು, ಆಮೇಲೆ ಎರಡನ್ನೂ ಕೊನೆಗೆ ಆರನ್ನೂ ಹಿಡಿಯುವುದೇ ವಾಸಿ. ಸುಲಭವಾದ ಸಾಲುಗಳು ಕೈಗೆ ಬಂದ ಮೇಲೆ ಕಷ್ಟದವುಗಳ ಮೇಲೆ ತಾಳ್ಮೆಯಿಂದ ಕೂರಲು ಉತ್ಸಾಹ ಉಳಿದಿರುತ್ತದೆ.

ಎಡಗೈಯ ಮೂರು ಕಾರ್ಡುಗಳು

ಎಡಗೈಯನ್ನು ನಮ್ಮ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗೆ, ಅಂದರೆ 61 ಕೀಗಳ ವಾದ್ಯದ ಎಡದಿಂದ ಎರಡನೆಯ ‘ಸಿ’ಯ ಬಳಿ ಇರಿಸಿ. ಆರಂಭದಲ್ಲಿ ಕಾರ್ಡು ಬೇಡ. ಪ್ರತಿ ಆವರ್ತದ ಮೊದಲ ಎಣಿಕೆಗೆ ಒಂದೇ ಒಂದು ಸ್ವರವನ್ನು ಒತ್ತಿ ಮೂರು ಎಣಿಕೆ ಹಿಡಿದಿಟ್ಟರೆ ಸಾಕು. ಸಿ ಕಾರ್ಡಿಗೆ ಸ, ಜಿ ಕಾರ್ಡಿಗೆ ಪ, ಎಫ್ ಕಾರ್ಡಿಗೆ ಮ. ಅವುಗಳ ಕ್ರಮ ಹೀಗಿದೆ:

ಸಾಲು 1: ಸಿ | ಸಿ | ಸಿ | ಸಿ
ಸಾಲು 2: ಜಿ | ಜಿ | ಸಿ | ಸಿ
ಸಾಲು 3 ಮತ್ತು 4: ಎಫ್ | ಎಫ್ | ಸಿ | ಸಿ
ಸಾಲು 5: ಜಿ | ಜಿ | ಸಿ | ಸಿ
ಸಾಲು 6: ಸಿ | ಜಿ | ಸಿ | ಸಿ

ಎರಡರಿಂದ ಐದನೆಯ ಸಾಲಿನವರೆಗೆ ಎರಡೆರಡು ಆವರ್ತಕ್ಕೊಮ್ಮೆ ಬದಲಾವಣೆ ಎಂಬುದನ್ನು ಗಮನಿಸಿದರೆ ಇದನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಆರನೆಯ ಸಾಲಿನಲ್ಲಿ ಮಾತ್ರ ಜಿ ಕಾರ್ಡು ಒಂದೇ ಆವರ್ತಕ್ಕೆ ಬಂದುಹೋಗುತ್ತದೆ.

ಒಂಟಿ ಸ್ವರಗಳು ಹೊಂದಿಕೊಂಡ ಮೇಲೆ ಪೂರ್ಣ ಕಾರ್ಡುಗಳಿಗೆ ಹೋಗಬಹುದು. ಸಿ ಕಾರ್ಡು ಎಂದರೆ ಸ ಗ ಪ ಮೂರನ್ನೂ ಒಟ್ಟಿಗೆ ಒತ್ತುವುದು. ಎಡಗೈಯ 5, 3, 1 ಬೆರಳುಗಳು. ಜಿ ಕಾರ್ಡಿಗೆ ಪ ನಿ ರಿ ಎಂದು ಪಾಠಗಳಲ್ಲಿ ಓದಿ ಕೈಯನ್ನು ದೂರಕ್ಕೆ ಎತ್ತಿಕೊಂಡು ಹೋಗುವವರೇ ಹೆಚ್ಚು. ಅದರ ಅಗತ್ಯವಿಲ್ಲ. ಹೆಬ್ಬೆರಳನ್ನು ಪಂಚಮದ ಮೇಲೆಯೇ ಬಿಟ್ಟು, ನಡುಬೆರಳನ್ನು ಗಾಂಧಾರದಿಂದ ರಿಷಭಕ್ಕೂ ಕಿರುಬೆರಳನ್ನು ಷಡ್ಜದಿಂದ ಅದರ ಎಡಪಕ್ಕದ ನಿಷಾದಕ್ಕೂ ಒಂದೊಂದು ಕೀ ಎಡಕ್ಕೆ ಸರಿಸಿದರೆ ನಿ ರಿ ಪ ಆಗುತ್ತದೆ. ಅದೇ ಮೂರು ಸ್ವರ, ಜೋಡಣೆ ಮಾತ್ರ ಬೇರೆ. ಎಫ್ ಕಾರ್ಡಿಗೆ ಇದರ ತಿರುವುಮುರುವು: ಕಿರುಬೆರಳು ಷಡ್ಜದಲ್ಲಿಯೇ ನಿಲ್ಲುತ್ತದೆ, ತೋರುಬೆರಳು ಮಧ್ಯಮಕ್ಕೆ, ಹೆಬ್ಬೆರಳು ಧೈವತಕ್ಕೆ ಹೋಗಿ ಸ ಮ ದ ಆಗುತ್ತದೆ. ಹೀಗೆ ಪ್ರತಿ ಬದಲಾವಣೆಯಲ್ಲಿಯೂ ಒಂದು ಬೆರಳು ಇದ್ದಲ್ಲಿಯೇ ಉಳಿಯುವುದರಿಂದ ಎಡಗೈಯನ್ನು ನೋಡದೆ ನುಡಿಸಲು ಸಾಧ್ಯವಾಗುತ್ತದೆ. ಕಣ್ಣು ಬಲಗೈಯ ಜಿಗಿತಗಳಿಗೆ ಬೇಕಾಗಿರುವಾಗ ಈ ಅನುಕೂಲ ಸಣ್ಣದಲ್ಲ.

ಕಾರ್ಡುಗಳು ಹಿಡಿತಕ್ಕೆ ಬಂದ ನಂತರ ಮೂರನ್ನೂ ಒಟ್ಟಿಗೆ ಒತ್ತುವ ಬದಲು ಎಣಿಕೆಗೊಂದರಂತೆ ಬಿಡಿಸಿ ನುಡಿಸಬಹುದು: ಸಿ ಕಾರ್ಡಿಗೆ ಸ, ಗ, ಪ; ಜಿ ಕಾರ್ಡಿಗೆ ನಿ, ರಿ, ಪ; ಎಫ್ ಕಾರ್ಡಿಗೆ ಸ, ಮ, ದ. ಗಿಟಾರಿನ ತಂತಿಗಳನ್ನು ಒಂದೊಂದಾಗಿ ಮೀಟುವ ರೀತಿಗೆ ಇದು ಹತ್ತಿರವಾದುದು. ಕಾರ್ಡನ್ನು ಮೂರು ಎಣಿಕೆಗೂ ಗುದ್ದುವುದನ್ನು ಮಾತ್ರ ಮಾಡಲೇಬೇಡಿ.

ಎರಡು ಕೈಗಳನ್ನು ಕೂಡಿಸುವುದು

ಬಹುಪಾಲು ಜನ ಕೈಬಿಡುವುದು ಈ ಹಂತದಲ್ಲಿ. ಬಲಗೈ ಒಂದೇ ಆಗಿದ್ದಾಗ ನೀರಿನಂತೆ ಹರಿಯುತ್ತಿದ್ದ ಧಾಟಿ ಎಡಗೈ ಸೇರಿದೊಡನೆ ಮುರಿದುಬೀಳುತ್ತದೆ. ಇದು ಸ್ವಾಭಾವಿಕ, ಪರಿಹಾರವೂ ಸರಳ. ಮೆಟ್ರೊನೋಮನ್ನು (ಎಣಿಕೆಗೊಂದರಂತೆ ಸಮವಾಗಿ ಸದ್ದು ಮಾಡುವ ಸಾಧನ) ನಿಮಿಷಕ್ಕೆ 60ಕ್ಕೆ ಇಟ್ಟು, ಪ್ರತಿ ಆವರ್ತದ ಮೊದಲ ಎಣಿಕೆಯಲ್ಲಿ ಎರಡೂ ಕೈಗಳು ಒಟ್ಟಿಗೆ ಕೆಳಗಿಳಿಯುವುದನ್ನಷ್ಟೇ ಮೊದಲು ಅಭ್ಯಾಸ ಮಾಡಿರಿ. ಅಂದರೆ ಬಲಗೈಯಲ್ಲಿ ಆವರ್ತದ ಮೊದಲ ಸ್ವರ, ಎಡಗೈಯಲ್ಲಿ ಅದರ ಕಾರ್ಡು, ನಡುವಿನ ಸ್ವರಗಳೆಲ್ಲ ಮೌನ. ಹೀಗೆ 24 ಆವರ್ತಗಳನ್ನು ದಾಟಿದರೆ ಗೀತೆಯ ಅಸ್ಥಿಪಂಜರ ಸಿದ್ಧವಾಗುತ್ತದೆ. ಬಲಗೈಯ ಉಳಿದ ಸ್ವರಗಳನ್ನು ಅದರ ಮೇಲೆ ಸಾಲು ಸಾಲಾಗಿ ತುಂಬಿಸಿಕೊಳ್ಳಬಹುದು.

ಆರನೆಯ ಸಾಲಿನ ಎರಡನೆಯ ಆವರ್ತದಲ್ಲಿ ಬಲಗೈಯ ಕಿರುಬೆರಳು ಪಂಚಮಕ್ಕೆ ಬರುವ ಕ್ಷಣದಲ್ಲಿಯೇ ಎಡಗೈ ಸಿ ಇಂದ ಜಿ ಕಾರ್ಡಿಗೆ ಸರಿಯಬೇಕಾಗಿದೆ. ಎರಡೂ ಕೈ ಒಟ್ಟಿಗೆ ಚಲಿಸುವಾಗ ಒಂದಾದರೂ ತಪ್ಪುವುದು ಸಹಜ. ಅಲ್ಲಿಯವರೆಗೆ ಎಡಗೈ ಪೂರ್ಣ ಕಾರ್ಡುಗಳನ್ನು ನುಡಿಸುತ್ತಿದ್ದರೂ ಈ ಒಂದು ಆವರ್ತದಲ್ಲಿ ಕಿರುಬೆರಳನ್ನು ನಿಷಾದಕ್ಕೆ ಸರಿಸಿ ಒಂಟಿ ಸ್ವರವನ್ನಷ್ಟೇ ನುಡಿಸಿದರೂ ಯಾರಿಗೂ ಕೊರತೆ ಕಾಣದು.

ವೇಗವನ್ನು ಏರಿಸುವ ಆತುರ ಬೇಡ. ನಿಮಿಷಕ್ಕೆ 60ರ ಗತಿಯಲ್ಲಿ ಒಂದು ಚರಣಕ್ಕೆ 72 ಸೆಕೆಂಡು, 80ರ ಗತಿಯಲ್ಲಿ 54 ಸೆಕೆಂಡು ಹಿಡಿಯುತ್ತದೆ. ಈ ಎರಡರ ನಡುವೆ ಎಲ್ಲಿ ನಿಂತರೂ ಗೀತೆ ಚೆನ್ನಾಗಿಯೇ ಕೇಳಿಸುತ್ತದೆ. ತೀರ ಸಾವಕಾಶವಾದರೆ ಹಾಡುವವರಿಗೆ ಉಸಿರು ಸಾಲದು ಎಂಬುದೂ ನೆನಪಿನಲ್ಲಿರಲಿ.

ವಾದ್ಯದ ಗುಂಡಿಗಳ ವಿಷಯ

ಇಂದಿನ ಕೀಬೋರ್ಡುಗಳಲ್ಲಿ ನೂರಾರು ಧ್ವನಿಗಳೂ ತಾಳದ ಶೈಲಿಗಳೂ ಇರುತ್ತವೆ. ಭಾರತದ ಮಾರುಕಟ್ಟೆಗೆಂದೇ ತಯಾರಾದ ಕೆಲವು ಯಮಹಾ ಮಾದರಿಗಳಲ್ಲಿ ತಬಲಾ, ತಂಬೂರಿಗಳೂ ಸಿಗುತ್ತವೆ. ಎಡಗೈಯ ಒಂದು ಬೆರಳಿಟ್ಟರೆ ಸಾಕು, ಡ್ರಮ್ಸ್ ಸಮೇತ ಇಡೀ ವಾದ್ಯವೃಂದವೇ ಹೊರಡುವ ವ್ಯವಸ್ಥೆಯನ್ನು ಕಂಡಾಗ ಅದನ್ನೇ ಬಳಸಿಬಿಡೋಣವೆನಿಸುವುದು ಸಹಜ. ಆದರೆ ಎರಡು ಕಂಠ, ಒಂದು ಗಿಟಾರಿಗೆಂದು ಹುಟ್ಟಿದ ಹಾಡಿನ ಹಿಂದೆ ಡ್ರಮ್ಸ್ ಬಾರಿಸುವುದು ನನ್ನ ಕಿವಿಗೆ ಒಗ್ಗಿದ್ದೇ ಇಲ್ಲ. ಬೇಕೇಬೇಕೆಂದರೆ ಮೂರು ಎಣಿಕೆಯ, ನಿಧಾನಗತಿಯ ವಾಲ್ಟ್ಜ್ ಶೈಲಿಯನ್ನು ಆರಿಸಿ, ಅದರ ಧ್ವನಿಮಟ್ಟವನ್ನು ಧಾಟಿಗಿಂತ ಬಹಳ ಕೆಳಗಿಡಿರಿ. ನಾಲ್ಕು ಎಣಿಕೆಯ ಶೈಲಿಯನ್ನು ಹಾಕಿದರೆ ಎರಡನೆಯ ಆವರ್ತಕ್ಕೇ ತಾಳ ಕೆಡುತ್ತದೆ.

ಕಲಿಯುವಾಗ ಪಿಯಾನೊ ಧ್ವನಿಯೇ ಸೂಕ್ತ, ಏಕೆಂದರೆ ಸ್ವರ ಎಲ್ಲಿ ಆರಂಭವಾಯಿತೆಂಬುದು ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಆರ್ಗನ್ ಧ್ವನಿಯಲ್ಲಿ ಕೀಯನ್ನು ಹಿಡಿದಷ್ಟು ಹೊತ್ತೂ ಸ್ವರ ಕುಗ್ಗದೆ ನಿಲ್ಲುವುದರಿಂದ, ಬೆರಳನ್ನು ತಡವಾಗಿ ಎತ್ತಿದರೆ ಎರಡು ಸ್ವರಗಳು ಒಂದರ ಮೇಲೊಂದು ಬಿದ್ದು ಗಲಿಬಿಲಿಯಾಗುತ್ತದೆ. ಅದನ್ನು ಗೀತೆ ಪಳಗಿದ ಮೇಲೆ ಬಳಸಿರಿ. ಬೆರಳೆತ್ತಿದ ಮೇಲೂ ಸ್ವರವನ್ನು ಉಳಿಸುವ ಸಸ್ಟೇನ್ ಪೆಡಲ್ ಇದ್ದರೆ ಕಾರ್ಡು ಬದಲಾದಾಗಲೆಲ್ಲ ಅದನ್ನು ಬಿಟ್ಟು ಮತ್ತೆ ಒತ್ತಬೇಕು.

ಹಾಡುವವರೊಂದಿಗೆ ನುಡಿಸುವಾಗ

ಚರ್ಚಿನ ಯುವಕರ ತಂಡದೊಡನೆ ಮನೆಮನೆಗೆ ಕ್ಯಾರಲ್ ಹಾಡಲು ಹೋಗುವವರೂ ಮನೆಯವರ ನಡುವೆ ನುಡಿಸುವವರೂ ಇನ್ನು ಕೆಲವು ಸಂಗತಿಗಳನ್ನು ನೋಡಿಕೊಳ್ಳಬೇಕು. ಮುನ್ನುಡಿಯಾಗಿ ಆರನೆಯ ಸಾಲನ್ನು ಒಮ್ಮೆ ನುಡಿಸಿದರೆ ಹಾಡುವವರಿಗೆ ಶ್ರುತಿಯೂ ಗತಿಯೂ ಎರಡೂ ಸಿಗುತ್ತವೆ. ಆ ಸಾಲಿನ ಕೊನೆಯ ಎಣಿಕೆಯಲ್ಲಿ ನೀವೇ ಗಟ್ಟಿಯಾಗಿ ಉಸಿರೆಳೆದುಕೊಂಡರೆ ಎಲ್ಲರೂ ಒಟ್ಟಿಗೆ ಆರಂಭಿಸುತ್ತಾರೆ. ಕೈಸನ್ನೆಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಕನ್ನಡ ಸಾಹಿತ್ಯಕ್ಕೆ ನುಡಿಸುವುದಾದರೆ ಪದಗಳನ್ನು ಸ್ವರಗಳೊಂದಿಗೆ ಮುಂಚಿತವಾಗಿಯೇ ಹೊಂದಿಸಿ ನೋಡಿರಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಕಾಲದಿಂದಲೂ ಯುರೋಪಿನ ಧಾಟಿಗಳಿಗೆ ಕನ್ನಡ ಕೀರ್ತನೆಗಳನ್ನು ಹಾಡುವ ಪರಂಪರೆ ನಮ್ಮಲ್ಲಿದೆ. ಆದರೆ ಕನ್ನಡದ ಪದಗಳಲ್ಲಿ ಅಕ್ಷರಗಳು ಹೆಚ್ಚು. ಇಂಗ್ಲಿಷಿನಲ್ಲಿ ಎರಡು ಎಣಿಕೆ ಹಿಡಿದಿಡುವ ರಿಷಭದಲ್ಲಿ ಕನ್ನಡದ ಎರಡು ಅಕ್ಷರಗಳು ಬಂದರೆ ಆ ಸ್ವರವನ್ನು ಎರಡು ಸಲ ಒತ್ತಬೇಕಾಗುತ್ತದೆ. ತಂಡದಲ್ಲಿ ಹಿರಿಯರಿದ್ದರೆ ಅವರು ಹಾಡುವ ರೀತಿಯನ್ನು ಒಮ್ಮೆ ಕೇಳಿಕೊಂಡು ಅದರಂತೆಯೇ ನುಡಿಸುವುದು ಲೇಸು, ಏಕೆಂದರೆ ಒಂದೊಂದು ಸಭೆಯಲ್ಲಿ ಒಂದೊಂದು ರೂಢಿ ಇರುತ್ತದೆ.

ಐದನೆಯ ಸಾಲಿನ ಮೇಲಿನ ಮಧ್ಯಮವು ಹಾಡಿ ಪಳಗದ ಕಂಠಗಳಿಗೆ ಎಟುಕುವುದು ಕಷ್ಟ. ಅಲ್ಲಿ ದನಿಗಳು ಸೀಳಿದಂತಾದರೆ ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿಯನ್ನು -2ಕ್ಕೆ ಇಳಿಸಿರಿ. ನಿಮ್ಮ ಬೆರಳುಗಳು ಅವೇ ಬಿಳಿ ಕೀಗಳ ಮೇಲಿರುತ್ತವೆ, ಶ್ರುತಿ ಮಾತ್ರ ‘ಕರಿ ಐದು’ಕ್ಕೆ ಇಳಿಯುತ್ತದೆ, ಬಹಳಷ್ಟು ಹಾಡುಪುಸ್ತಕಗಳಲ್ಲಿ ಈ ಗೀತೆ ಅಚ್ಚಾಗಿರುವುದೂ ಇದೇ ಶ್ರುತಿಯಲ್ಲಿ. ಜೊತೆಯಲ್ಲಿ ಗಿಟಾರ್ ನುಡಿಸುವವರಿದ್ದರೆ ಹೀಗೆ ಇಳಿಸಿದ್ದೀರೆಂಬುದನ್ನು ಅವರಿಗೆ ಮೊದಲೇ ತಿಳಿಸಿ, ಗೀತೆ ಮುಗಿದು ಮುಂದಿನ ಹಾಡಿಗೆ ಹೋಗುವ ಮೊದಲು ಗುಂಡಿಯನ್ನು ಮತ್ತೆ ಸೊನ್ನೆಗೆ ತನ್ನಿರಿ.